ತೊಟ್ಟಿಲು ಹತ್ತುವವರು ನಾವು, ಎಚ್ಚರಿಕೆ ಯಾರ ಭಾಷೆಯಲ್ಲಿ?

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಓದುತ್ತಿರುವ, ದುಡಿಯುತ್ತಿರುವ ಕನ್ನಡದ ಹುಡುಗರೇ, ಹುಡುಗಿಯರೇ, ನಿಮಗೊಂದು ನೇರ ಪ್ರಶ್ನೆ. ಕೈಯಿಂದ ರೊಕ್ಕ ಕೊಟ್ಟು ಅಂಜಿಕೊಳ್ಳುವುದಕ್ಕೆ ಹೋಗುತ್ತೀರಲ್ಲ, ತಲೆಕೆಳಗಾಗಿ ನೇತಾಡಿ, 'ಅವ್ವಾ' ಎಂದು ಕಿರುಚಿ, ಕೆಳಗಿಳಿದ ಮೇಲೆ ಮತ್ತೆ ಅದೇ ಸಾಲಿನಲ್ಲಿ ಹೋಗಿ ನಿಲ್ಲುತ್ತೀರಲ್ಲ, ಆ ಯಂತ್ರ ಹತ್ತುವ ಮೊದಲು ಹೇಗೆ ಕೂಡಬೇಕು, ಏನು ಹಿಡಿಯಬೇಕು, ಯಾರು ಹತ್ತಲೇಬಾರದು ಎಂದು ನಿಮಗೆ ನಿಮ್ಮ ತಾಯಿನುಡಿಯಲ್ಲಿ ಯಾರಾದರೂ ಹೇಳಿದ್ದಾರೆಯೇ? ಕಿರುಚುವುದು ಕನ್ನಡದಲ್ಲಿ. ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ! ಇದೆಂಥ ನ್ಯಾಯ?

ನಾನು ಸಿಂದಗಿ ಸೀಮೆಯ ಒಬ್ಬ ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನ ಮಾಲೀಕ. ಓದಿದ್ದು ಪಿ.ಯು.ಸಿ. ತನಕ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು ಇವೇ ನನ್ನ ಹೊಟ್ಟೆಪಾಡು. ಆದರೂ ಈ ವಿಷಯದಲ್ಲಿ ಮಾತಾಡಲು ನನಗೆ ಎರಡು ಹಕ್ಕುಗಳಿವೆ. ಒಂದು, ಜಾತ್ರೆಗೆ ಬರುವ ಆಟದ ಯಂತ್ರಗಳ ಟಿಕೆಟ್ಟು ಅಚ್ಚು ಹಾಕುವವನು ನಾನು. ಎರಡು, ಆ ಯಂತ್ರಗಳ ಹುಚ್ಚ ನಾನು. ನಲವತ್ತು ದಾಟಿದೆ, ತಲೆ ಅರ್ಧ ಬೆಳ್ಳಗಾಗಿದೆ. ಆದರೂ ಹೊಸ ಯಂತ್ರ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಮಷೀನು ಬಂದ್ ಮಾಡಿ ಹೊರಟುಬಿಡುತ್ತೇನೆ. 'ಮಗಳ ಲಗ್ನ ಮಾಡೂ ವಯಸ್ಸಿನಾಗ ತೊಟ್ಲ ಹತ್ತತೀರಿ' ಎಂದು ಮನೆಯಾಕೆ ಬೈಯುತ್ತಾಳೆ. ಬೈಯಲಿ!

ಅಂಜಿಕೆಯ ಆಟ ನಮಗೆ ಹೊಸದಲ್ಲ

ಇಂಥ ಆಟಗಳೆಲ್ಲ ಅಮೆರಿಕದಿಂದ ಬಂದವು, ಅದಕ್ಕೇ ಅವುಗಳ ಭಾಷೆಯೂ ಇಂಗ್ಲಿಷು ಎಂದು ವಾದಿಸುವವರಿದ್ದಾರೆ. ಅವರು ಒಮ್ಮೆ ನಾಗರ ಪಂಚಮಿಗೆ ನಮ್ಮ ಕಡೆ ಬರಲಿ. ಬೇವಿನ ಮರಕ್ಕೆ ದಪ್ಪ ಹಗ್ಗ ಕಟ್ಟಿ, ಉಂಡಿ ತಿಂದ ಕೈ ಒರೆಸಿಕೊಂಡು, ಇಬ್ಬರು ಹುಡುಗಿಯರು ಎದುರುಬದುರು ನಿಂತು ಜೀಕುವುದನ್ನು ನೋಡಲಿ. ಕಾಲು ಹೋಗಿ ಕೊಂಬೆಯ ಎಲೆಗೆ ತಾಗುವತನಕ ಜೀಕುತ್ತಾರೆ. ಮೇಲೆ ಹೋಗಿ ಇನ್ನೇನು ಹಿಂದೆ ಬರಬೇಕು ಎನ್ನುವ ಆ ಒಂದು ಗಳಿಗೆಯಲ್ಲಿ ಮೈಗೆ ತೂಕವೇ ಇರುವುದಿಲ್ಲ. ಹೊಟ್ಟೆಯೊಳಗೆ ಜುಮ್ಮೆನ್ನುತ್ತದೆ. ಜಗತ್ತಿನ ದೊಡ್ಡ ದೊಡ್ಡ ಪಾರ್ಕುಗಳು ಕೋಟಿಗಟ್ಟಲೆ ಸುರಿದು ಮಾರುವುದು ಆ ಒಂದು ಗಳಿಗೆಯನ್ನೇ! ಜಾತ್ರೆಯಲ್ಲಿ ಕೊಲಂಬಸ್ ಎಂಬ ಹಡಗು ತೂಗುತ್ತದಲ್ಲ, ಅದು ಪಂಚಮಿ ಜೋಕಾಲಿಯ ಕಬ್ಬಿಣದ ತಮ್ಮ, ಬೇರೇನಲ್ಲ. ಜೋಕಾಲಿಯಲ್ಲಿ ಎದುರು ನಿಂತ ಗೆಳತಿ ಕಾಲಿನಿಂದ ಜೀಕುತ್ತಾಳೆ. ಹಡಗಿಗೆ ಕೆಳಗಿನಿಂದ ಮೋಟಾರಿನ ಟೈರು ತಾಗಿ ನೂಕುತ್ತದೆ. ಅಷ್ಟೇ ಫರಕು.

ಜೀಕು, ತೂಗು, ಗಿರಕಿ, ತಿರುಗಣಿ, ಜಾರುಬಂಡಿ, ರಾಟೆ, ತೊಟ್ಟಿಲು. ಇಷ್ಟು ಶಬ್ದ ಇಟ್ಟುಕೊಂಡ ಭಾಷೆಗೆ ಎರಡು ಸಾಲಿನ ಎಚ್ಚರಿಕೆ ಬರೆಯಲು ಬರುವುದಿಲ್ಲವೇ?

ನಾನು ಸಣ್ಣವನಿದ್ದಾಗ ನಮ್ಮ ಕಡೆಯ ಜಾತ್ರೆಗಳಲ್ಲಿ ಕೈಯಿಂದ ತಿರುಗಿಸುವ ಕಟ್ಟಿಗೆಯ ತೊಟ್ಟಿಲು ಇರುತ್ತಿತ್ತು. ಆಮೇಲೆ ಕಬ್ಬಿಣದ ದೊಡ್ಡ ತೊಟ್ಟಿಲು ಬಂತು, ಅದಕ್ಕೆ ಡೀಸೆಲ್ ಇಂಜಿನ್ ಬಂತು. ಅದರ ಪಕ್ಕದಲ್ಲೇ ಹಲಗೆಯ ಬಾವಿಯೊಳಗೆ ಮೋಟಾರ್ ಸೈಕಲ್ ಓಡಿಸುವವರು ಬಂದರು. ಈಗ ಸಿಂದಗಿಯ ನೀಲಗಂಗಾದೇವಿ ಜಾತ್ರೆಗೆ ಹೋಗಿ, ಇಂಡಿಯ ಶಾಂತೇಶ್ವರ ಜಾತ್ರೆಗೆ ಹೋಗಿ, ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಗೆ ಹೋಗಿ, ಮುದ್ದೇಬಿಹಾಳದ ಗ್ರಾಮದೇವತೆ ಜಾತ್ರೆಗೆ ಹೋಗಿ, ತೇರಿನಷ್ಟೇ ಎತ್ತರಕ್ಕೆ ಬಣ್ಣದ ದೀಪದ ತೊಟ್ಟಿಲು ಕಾಣುತ್ತದೆ. ಕೊಲಂಬಸ್, ಬ್ರೇಕ್ ಡ್ಯಾನ್ಸ್, ಟೋರಾ ಟೋರಾ, ಡ್ರ್ಯಾಗನ್ ರೈಲು ಎಲ್ಲ ಇವೆ. ಬ್ರೇಕ್ ಡ್ಯಾನ್ಸಿನಲ್ಲಿ ಕೂತು ನೋಡಿ. ಕೆಳಗಿನ ತಟ್ಟೆ ಒಂದು ಕಡೆ ತಿರುಗುತ್ತದೆ, ನೀವು ಕೂತ ಬುಟ್ಟಿ ತನ್ನಷ್ಟಕ್ಕೆ ಬೇರೆ ಕಡೆ ಗಿರಕಿ ಹೊಡೆಯುತ್ತದೆ. ಮುಂದಿನ ತಿರುವು ಎಡಕ್ಕೋ ಬಲಕ್ಕೋ ನಿಮಗೆ ಗೊತ್ತಾಗುವುದಿಲ್ಲ. ಮಜಾ ಇರುವುದೇ ಅಲ್ಲಿ.

ಈ ದೊಡ್ಡ ತೊಟ್ಟಿಲಿನ ಚರಿತ್ರೆಯೂ ಸ್ವಾರಸ್ಯದ್ದು. 1893ರಲ್ಲಿ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಚಿಕಾಗೋದಲ್ಲೇ, ಅದೇ ವರ್ಷದ ವಸ್ತುಪ್ರದರ್ಶನದಲ್ಲಿ, ಫೆರಿಸ್ ಎಂಬ ಇಂಜಿನಿಯರ್ 264 ಅಡಿ ಎತ್ತರದ ಚಕ್ರ ನಿಲ್ಲಿಸಿದ. ನಮ್ಮ ಗೋಲಗುಂಬಜ್‌ಗಿಂತ ಎತ್ತರ! ಅದಕ್ಕೆ 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಆದರೆ ಅದಕ್ಕೂ ಮೊದಲೇ, 1615ರ ಸುಮಾರಿಗೆ, ತುರ್ಕಿಯ ಹಬ್ಬದಲ್ಲಿ ಇಂಥದೇ ಮರದ ಚಕ್ರ ಹತ್ತಿದೆನೆಂದು ಇಟಲಿಯ ಪ್ರವಾಸಿಯೊಬ್ಬ ಬರೆದಿಟ್ಟಿದ್ದಾನೆ. ಅಂದಮೇಲೆ ಇದು ಯಾರಪ್ಪನ ಆಸ್ತಿಯೂ ಅಲ್ಲ. ಹತ್ತಿದವನದು.

ಬಿಡದಿಯಲ್ಲಿ ಕಂಡದ್ದು

ಬೆಂಗಳೂರಿನ ಹುಡುಗರಿಗೆ ಬಿಡದಿಯ ವಂಡರ್‌ಲಾ ಗೊತ್ತಿರುವುದೇ. 2005ರಲ್ಲಿ ಶುರುವಾದದ್ದು. ನಮ್ಮಂಥವರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬಂದು ಅದನ್ನು ನೋಡಬೇಕು. ನಾನು ಅಲ್ಲಿ ಹತ್ತಿದ ರೋಲರ್ ಕೋಸ್ಟರ್ ಗಾಡಿ ಮೊದಲು ಹಿಂದುಮುಂದಾಗಿ ಮೇಲಕ್ಕೆ ಎಳೆದುಕೊಂಡು ಹೋಯಿತು. ಬೆನ್ನು ಆಕಾಶದ ಕಡೆ, ಮುಖ ನೆಲದ ಕಡೆ. ಕೆಳಗೆ ಸಾಲಿನಲ್ಲಿ ನಿಂತವರು ಇರುವೆಯಂತೆ ಕಂಡರು. ಮೇಲೆ ಒಂದು ಕ್ಷಣ ಎಲ್ಲ ಸ್ತಬ್ಧ. ಆಮೇಲೆ ಕೊಂಡಿ ಬಿಟ್ಟ ಸದ್ದು. ಮುಂದೆ ನಡೆದದ್ದನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಕಣ್ಣು ಬಿಟ್ಟಾಗ ಗಾಡಿ ಆ ತುದಿ ಮುಟ್ಟಿತ್ತು. ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ ಹೊರಟಿತು! ಮುಂದೆ ಏನು ಬರುತ್ತದೆ ಎಂದು ಕಾಣದೆ ಹಿಂದಕ್ಕೆ ಹೋಗುವುದಿದೆಯಲ್ಲ, ಅದು ಬೇರೆಯೇ ಅಂಜಿಕೆ.

ಮಷೀನಿನವನ ಕಣ್ಣಿಗೆ ಬಿದ್ದದ್ದು ಬೇರೆ. ತಲೆಕೆಳಗಾದಾಗ ಗಾಡಿ ಯಾಕೆ ಬೀಳುವುದಿಲ್ಲ? ಹಳಿಯ ಮೇಲೆ ಓಡುವ ಗಾಲಿ ಒಂದು ಜೊತೆ, ಪಕ್ಕಕ್ಕೆ ಒತ್ತುವ ಗಾಲಿ ಒಂದು ಜೊತೆ, ಹಳಿಯ ಕೆಳಗಿನಿಂದ ಕಚ್ಚಿಕೊಂಡಿರುವ ಗಾಲಿ ಇನ್ನೊಂದು ಜೊತೆ. ಈ ಕೆಳಗಾಲಿಗೆ ಜಾನ್ ಮಿಲ್ಲರ್ ಎಂಬ ಅಮೆರಿಕನ್ 1919ರಲ್ಲಿ ಪೇಟೆಂಟ್ ಪಡೆದ. ಇನ್ನು ಆ ಗಾಳಿಯಲ್ಲಿನ ಕುಣಿಕೆ. ಅದು ಬಳೆಯಂತೆ ದುಂಡಗಿಲ್ಲ, ನೀರಿನ ಹನಿಯಂತೆ ಮೇಲೆ ಕಿರಿದು, ಕೆಳಗೆ ಹಿರಿದು. ಮೊದಲ ಕಾಲದ ಕೋಸ್ಟರುಗಳಲ್ಲಿ ಅದು ಬಳೆಯಂತೆ ದುಂಡಗೇ ಇತ್ತು. ಒಳಹೊಕ್ಕ ಕೂಡಲೇ ಮೈ ಭಾರವಾಗಿ ಕೊರಳು ನೋವಾಗುತ್ತಿತ್ತು. 1970ರ ದಶಕದಲ್ಲಿ ಜರ್ಮನಿಯ ಇಂಜಿನಿಯರ್ ವೆರ್ನರ್ ಸ್ಟೆಂಗೆಲ್ ಹನಿಯ ಆಕಾರ ತಂದ ಮೇಲೆ ಜನ ನಗುತ್ತ ಇಳಿಯತೊಡಗಿದರು. ಅಂಜಿಕೆ ಸುಳ್ಳು ಇರಬೇಕು, ಕೊಂಡಿ ಮಾತ್ರ ಖರೆ ಇರಬೇಕು. ಈ ವಿದ್ಯೆಯ ಗುಟ್ಟೇ ಅದು.

ಅಂಥ ಪಾರ್ಕಿನ ಯಂತ್ರ ಒಂದೇ ಕಡೆ ಕಾಂಕ್ರೀಟಿನಲ್ಲಿ ನಿಂತಿರುತ್ತದೆ. ಜಾತ್ರೆಯ ಯಂತ್ರದ ಬಾಳು ಬೇರೆ. ಸೊಲ್ಲಾಪುರದ ಗಡ್ಡಾ ಜಾತ್ರೆ, ವಿಜಯಪುರದ ಸಿದ್ಧೇಶ್ವರ ಜಾತ್ರೆ, ಆಮೇಲೆ ತಾಲೂಕಿನ ಊರುಗಳು. ಪ್ರತಿ ಸಲ ಬಿಚ್ಚಬೇಕು, ಲಾರಿಗೆ ಏರಿಸಬೇಕು, ಮತ್ತೆ ಜೋಡಿಸಬೇಕು. ನೂರಾರು ಬೋಲ್ಟು, ನೂರಾರು ಪಿನ್ನು. ರಾತ್ರಿಯೆಲ್ಲ ನಿದ್ದೆಗೆಟ್ಟ ಹುಡುಗರು ಜೋಡಿಸುತ್ತಾರೆ. ಒಂದು ಪಿನ್ನು ಸಿಗಲಿಲ್ಲವೆಂದರೆ ತಂತಿ ಸುತ್ತಿ ಕೆಲಸ ಮುಗಿಸುವುದಿಲ್ಲ ಎಂದು ಯಾರು ಹೇಳಬೇಕು?

ಜೊತೆಗೆ ನಮ್ಮ ನೆಲ. ಡೋಣಿ ಸಾಲಿನ ಎರೆ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಹಿಟ್ಟಿನಂತೆ ಉಬ್ಬುತ್ತದೆ. ಅದರ ಮೇಲೆ ಮನೆ ಕಟ್ಟಿದವರ ಗೋಡೆಯೇ ಸೀಳುತ್ತದೆ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅಂಥ ನೆಲದ ಮೇಲೆ ನಾಲ್ಕು ಹಲಗೆ ಹಾಸಿ ಟನ್ನುಗಟ್ಟಲೆ ಕಬ್ಬಿಣ ನಿಲ್ಲಿಸಿದರೆ, ಸಂಜೆ ನೆಟ್ಟಗಿದ್ದ ಕಂಬ ಬೆಳಗಿಗೆ ನೆಟ್ಟಗಿರುತ್ತದೆಯೇ? ದಿನಾ ನೀರುಮಟ್ಟ ಹಿಡಿದು ನೋಡಬೇಕು.

ಟಿಕೆಟ್ಟಿನ ಹಿಂಬದಿ

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಆಟದ ಯಂತ್ರದವರು ಟಿಕೆಟ್ಟು ಅಚ್ಚು ಹಾಕಿಸಲು ಬಂದಾಗ ಕೊಡುವ ಮ್ಯಾಟರು ಮೂರೇ ಸಾಲು. ಮೇಲೆ ಆಟದ ಹೆಸರು. ನಡುವೆ ದರ. ಕೆಳಗೆ ಅಥವಾ ಹಿಂಬದಿಗೆ: 'ಅಪಘಾತವಾದಲ್ಲಿ ಮಾಲೀಕರು ಜವಾಬ್ದಾರರಲ್ಲ.' ಈ ಒಂದು ಸಾಲು ಮಾತ್ರ ತಪ್ಪದೆ ಕನ್ನಡದಲ್ಲೇ ಬೇಕು! ಯಾಕೆಂದರೆ ಅದು ನಮಗೆ ತಿಳಿಯಬೇಕಲ್ಲ!

ಇಷ್ಟು ವರ್ಷದಲ್ಲಿ 'ಜಡೆ ಕಟ್ಟಿಕೊಳ್ಳಿ, ಸೆರಗು ಸಿಕ್ಕಿಸಿಕೊಳ್ಳಿ, ಬಸುರಿಯರು ಹತ್ತಬೇಡಿ' ಎಂದು ಅಚ್ಚು ಹಾಕಿ ಕೊಡು ಎಂದವರು ಒಬ್ಬರೂ ನನ್ನ ಬಾಗಿಲಿಗೆ ಬಂದಿಲ್ಲ. ಹೊಣೆ ಇಲ್ಲ ಎನ್ನುವುದಕ್ಕೆ ಕನ್ನಡ ಬೇಕು, ಹೊಣೆ ಹೊರುವುದಕ್ಕೆ ಕನ್ನಡ ಬೇಡ. ಗೆಳೆಯರೇ, ನಮ್ಮ ಭಾಷೆಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ನಮ್ಮ ಭಾಗದ ಒಂದು ಜಾತ್ರೆಯಲ್ಲಿ ನಾನು ತೊಟ್ಟಿಲಿನ ಸಾಲಿನಲ್ಲಿ ನಿಂತಿದ್ದೆ. ಮುಂದೆ ಒಬ್ಬ ತಾಯಿ, ಕೈಯಲ್ಲಿ ಆರೇಳು ವರ್ಷದ ಹುಡುಗಿ. ಸ್ಪೀಕರಿನಲ್ಲಿ ಒಂದೇ ಸಮನೆ ಹಿಂದಿ ಕೂಗುತ್ತಿತ್ತು: 'ಪಲ್ಲೂ ಸಂಭಾಲೋ, ಹಾಥ್ ಅಂದರ್ ರಖೋ.' ಆ ತಾಯಿ ಅದನ್ನು ಸಿನಿಮಾ ಹಾಡಿನ ನಡುವಿನ ಜಾಹೀರಾತು ಎಂದುಕೊಂಡಿದ್ದಳು. ಆಕೆಯ ಸೆರಗು ಹೊರಗೆ, ಕಬ್ಬಿಣದ ಕಡ್ಡಿಯ ಮೇಲೆ ಜೋತಾಡುತ್ತಿತ್ತು. 'ಯವ್ವಾ, ಸೆರಗ ಒಳಗ ತಗೋ, ಸೊಂಟಕ್ಕ ಸಿಗಸು' ಎಂದೆ. ಥಟ್ಟನೆ ಎಳೆದುಕೊಂಡು ಸಿಕ್ಕಿಸಿದಳು. 'ಇಷ್ಟೊತ್ತನಕಾ ಅವಾ ಅದನ್ನ ಹೇಳಾಕತ್ತಿದ್ನೇನ್ರಿ ಅಣ್ಣಾ?' ಎಂದು ಕೇಳಿದಳು. ನೋಡಿ, ಎಚ್ಚರಿಕೆ ಇತ್ತು. ಕೂಗಿ ಕೂಗಿ ಹೇಳಿಯೂ ಆಗಿತ್ತು. ಆದರೆ ಯಾರಿಗೆ ಹೇಳಬೇಕೋ ಅವಳಿಗೆ ಅದು ಹೇಳಿದಂತಾಗಲೇ ಇಲ್ಲ.

ಇದು ಬರೀ ಹಳ್ಳಿಯವರ ಪಾಡು ಎನ್ನಬೇಡಿ. ದೊಡ್ಡ ಊರಿನ ಒಂದು ಪಾರ್ಕಿನಲ್ಲಿ ಎದೆರೋಗ, ರಕ್ತದೊತ್ತಡ, ಬೆನ್ನುಹುರಿಯ ತೊಂದರೆ ಇದ್ದವರಿಗೆ ಬರೆದ ಫಲಕವನ್ನು ಬರೀ ಇಂಗ್ಲಿಷಿನಲ್ಲಿ ಕಂಡಿದ್ದೇನೆ. ಮಕ್ಕಳ ಜೊತೆ ಬಂದ ಅಜ್ಜ ಅದರ ಕೆಳಗೇ ನಿಂತು ಶೇಂಗಾ ತಿನ್ನುತ್ತಿದ್ದ.

ನಾನು ಸುಮ್ಮನೆ ಹೆದರಿಸುತ್ತಿದ್ದೇನೆಯೇ? 2018ರ ಫೆಬ್ರವರಿಯಲ್ಲಿ ಹರಿಯಾಣದ ಪಿಂಜೋರ್ ಉದ್ಯಾನದಲ್ಲಿ ಗೋ ಕಾರ್ಟ್ ಗಾಲಿಗೆ ಕೂದಲು ಸಿಕ್ಕಿ ಒಬ್ಬ ಯುವತಿ ಸತ್ತಳು. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಯಂತ್ರ ಮುರಿದು ಬಿದ್ದು ಇಬ್ಬರು ಸತ್ತರು, ಎಷ್ಟೋ ಜನ ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಜನರನ್ನು ಎತ್ತಿಕೊಂಡು ಮೇಲೆ ಹೋದ ತಟ್ಟೆ ಧಡ್ ಎಂದು ನೆಲಕ್ಕೆ ಬಿತ್ತು, ಹತ್ತಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ಮುಂದುವರಿದ ಇಂಗ್ಲೆಂಡಿನಲ್ಲೂ 2015ರಲ್ಲಿ ಆಲ್ಟನ್ ಟವರ್ಸ್ ಪಾರ್ಕಿನ ಕೋಸ್ಟರ್ ಗಾಡಿ ನಿಂತಿದ್ದ ಇನ್ನೊಂದು ಗಾಡಿಗೆ ಗುದ್ದಿ ಇಬ್ಬರು ಹುಡುಗಿಯರು ಒಂದೊಂದು ಕಾಲು ಕಳೆದುಕೊಂಡರು. ಅಲ್ಲಿನ ಕೋರ್ಟು ಏನು ಮಾಡಿತು ಗೊತ್ತೇ? 2016ರಲ್ಲಿ ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಹೊಣೆ ಗುಂಡಿ ಒತ್ತಿದ ಕೂಲಿಯದಲ್ಲ, ಯಂತ್ರ ನಡೆಸುವ ಮಾಲೀಕನದು ಎಂಬುದೇ ಅದರ ತಾತ್ಪರ್ಯ.

ನಮ್ಮಲ್ಲೂ ಅಷ್ಟೇ. ಟಿಕೆಟ್ಟಿನ ಹಿಂದೆ ನಾನು ಏನೇ ಅಚ್ಚು ಹಾಕಿಕೊಟ್ಟರೂ ನಿರ್ಲಕ್ಷ್ಯದ ಹೊಣೆ ಅದರಿಂದ ಅಳಿಸಿಹೋಗುವುದಿಲ್ಲ. ರೊಕ್ಕ ಕೊಟ್ಟು ಹತ್ತಿದವನು ಗ್ರಾಹಕ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲು ಅವನಿಗೆ ತೆರೆದಿದೆ. ಹರಿದ ಟಿಕೆಟ್ಟಿನ ಅರ್ಧ ತುಂಡು ಬಿಸಾಡಬೇಡಿ. ಅದು ಸಾಕ್ಷಿ.

ಬರೀ ಹೆಸರಿನ ಬೋರ್ಡು ಸಾಕೇ?

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಬೋರ್ಡಿನ ಹೋರಾಟ ನಡೆಯಿತು, ನಿಮ್ಮಲ್ಲಿ ಕೆಲವರು ಅಲ್ಲೇ ಇದ್ದಿರಬಹುದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರದು. 2024ರ ತಿದ್ದುಪಡಿಯಿಂದ ಹೆಸರಿನ ಫಲಕದಲ್ಲಿ 60 ಭಾಗ ಕನ್ನಡ, ಅದೂ ಮೇಲರ್ಧದಲ್ಲಿ, ಎಂದು ಖಚಿತವಾಯಿತು. ಅಂಗಡಿ, ಆಸ್ಪತ್ರೆ, ಹೋಟೆಲುಗಳ ಸಾಲಿನಲ್ಲೇ ಮನರಂಜನಾ ಕೇಂದ್ರಗಳನ್ನೂ ಕಾಯ್ದೆ ಹೆಸರಿಸಿದೆ. ಒಳ್ಳೆಯದೇ. ಹೋರಾಡಿದವರಿಗೆ ಶರಣು.

ಆದರೆ ಬಾಗಿಲಲ್ಲಿ ಕನ್ನಡದ ಹೆಸರು, ಒಳಗೆ ಇಂಗ್ಲಿಷಿನ ಎಚ್ಚರಿಕೆ ಇದ್ದರೆ ಏನು ಸಾಧಿಸಿದಂತಾಯಿತು? ಹೆಸರು ಓದದಿದ್ದರೆ ಯಾರೂ ಸಾಯುವುದಿಲ್ಲ. ಎಚ್ಚರಿಕೆ ಓದದಿದ್ದರೆ ಸಾಯುತ್ತಾರೆ! ನಮ್ಮ ಹೋರಾಟ ಬೋರ್ಡಿನಿಂದ ಸೂಚನಾ ಫಲಕಕ್ಕೆ ಇಳಿಯಬೇಕು. ಭಾಷೆಯ ಅಭಿಮಾನ ಎಂದರೆ ಬರೀ ಬಾವುಟವಲ್ಲ, ನಮ್ಮ ತಾಯಿಯ ಸೆರಗು, ನಮ್ಮ ತಂಗಿಯ ಜಡೆ.

ಇನ್ನೊಂದು ಮಾತು, ಕಿವಿಗೊಟ್ಟು ಕೇಳಿ. ಯಂತ್ರ ನಡೆಸುವ ಹುಡುಗನ ಮೇಲೆ ಕೈ ಎತ್ತಬೇಡಿ. ಅವನು ಎಲ್ಲೋ ಉತ್ತರಪ್ರದೇಶದಿಂದಲೋ, ಬಿಹಾರದಿಂದಲೋ ಬಂದವನು. ತಲೆಗೆ ಹೆಲ್ಮೆಟ್ಟಿಲ್ಲ, ಸೊಂಟಕ್ಕೆ ಹಗ್ಗವಿಲ್ಲ, ಕಂಬದ ತುದಿಗೆ ಹತ್ತಿ ಬಲ್ಬು ಹಾಕುತ್ತಾನೆ. ಬಿದ್ದರೆ ಮೊದಲು ಸಾಯುವವನು ಅವನು. ಅವನಿಗೆ ಐದು ಕನ್ನಡ ಮಾತು ಕಲಿಸಿ: 'ಕೂಡ್ರಿ, ಗಟ್ಟಿ ಹಿಡೀರಿ, ಏಳಬ್ಯಾಡ್ರಿ, ಕೈ ಒಳಗ, ನಿಂತ ಮ್ಯಾಲ ಇಳೀರಿ.' ಒಂದು ಸಂಜೆಯಲ್ಲಿ ಕಲಿಯುತ್ತಾನೆ. ಕೇಳಬೇಕಾದದ್ದು ಅವನನ್ನಲ್ಲ, ಮಾಲೀಕನನ್ನು, ಜಾಗ ಕೊಟ್ಟವರನ್ನು, ಪರವಾನಗಿ ಕೊಟ್ಟವರನ್ನು. ಕನ್ನಡದ ಕೆಳಗೆ ಹಿಂದಿ, ಮರಾಠಿ ಸಾಲೂ ಇರಲಿ, ಬೇಡ ಎನ್ನುವುದಿಲ್ಲ. ಇಂಡಿಯ ಜಾತ್ರೆಗೆ ಗಡಿಯಾಚೆಯ ಮರಾಠಿಯವರೂ ಬರುತ್ತಾರೆ. ಅವರ ಜೀವವೂ ಜೀವವೇ. ಹಾಗೆಯೇ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಿನ ಜಾತ್ರೆಗಳಲ್ಲಿ ಮರಾಠಿಯ ಕೆಳಗೆ ಕನ್ನಡ ಇರಲಿ. ಅಲ್ಲಿರುವವರೂ ನಮ್ಮವರೇ.

ಈ ಫಲಕ ಬರೆಸಿ

ಒಂದು ತಗಡು, ಒಂದು ಡಬ್ಬಿ ಬಣ್ಣ, ಬೋರ್ಡು ಬರೆಯುವವನ ಒಂದು ದಿನದ ಕೂಲಿ. ಇಷ್ಟೇ ಖರ್ಚು. ಮ್ಯಾಟರು ನಾನು ಕೊಡುತ್ತೇನೆ. ಇದಕ್ಕೆ ನನ್ನ ಹಕ್ಕು ಕಾಯ್ದಿರಿಸಿಲ್ಲ, ಯಾರು ಬೇಕಾದರೂ ಬಳಸಿ:

1. ಕೂತ ಮೇಲೆ ಬೆಲ್ಟು ಅಥವಾ ಅಡ್ಡಪಟ್ಟಿ ಬಿಗಿಯಾಗಿದೆಯೇ, ನೀವೇ ಎಳೆದು ನೋಡಿ.
2. ಜಡೆ ಕಟ್ಟಿಕೊಳ್ಳಿ. ಸೆರಗು, ದುಪಟ್ಟಾ, ಟವೆಲ್ ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.
3. ಬಸುರಿಯರು, ಎದೆರೋಗ, ರಕ್ತದೊತ್ತಡ, ಮೂರ್ಛೆ, ಬೆನ್ನುನೋವು ಇದ್ದವರು ಹತ್ತಬಾರದು.
4. ಈ ಗೆರೆಗಿಂತ ಎತ್ತರ ಕಡಿಮೆ ಇರುವ ಮಕ್ಕಳನ್ನು ಹತ್ತಿಸಬೇಡಿ.
5. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬೇಡಿ.
6. ಕುಡಿದವರಿಗೆ ಪ್ರವೇಶವಿಲ್ಲ.
7. ಯಂತ್ರ ತಿರುಗುವಾಗ ಏಳಬೇಡಿ, ಕೈ ಕಾಲು ಹೊರಗೆ ಹಾಕಬೇಡಿ, ಮೊಬೈಲು ತೆಗೆಯಬೇಡಿ.
8. ಪೂರ್ತಿ ನಿಂತ ಮೇಲೆಯೇ ಇಳಿಯಿರಿ.
9. ಈ ಯಂತ್ರವನ್ನು ಪರೀಕ್ಷಿಸಿದ ದಿನಾಂಕ, ಪರೀಕ್ಷಿಸಿದವರ ಸಹಿ.
10. ಮಾಲೀಕರ ಹೆಸರು, ಫೋನ್ ನಂಬರು.

ಒಂಬತ್ತನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಅದನ್ನು ತುಂಬಬೇಕಾದರೆ ಯಾರಾದರೂ ಬಂದು ಬೋಲ್ಟು ಮುಟ್ಟಿ ನೋಡಲೇಬೇಕು! ಹತ್ತನೆಯ ಸಾಲು ಇದ್ದರೆ 'ಮಾಲೀಕರು ಜವಾಬ್ದಾರರಲ್ಲ' ಎಂಬ ಮಾತು ತಾನಾಗಿಯೇ ನಾಚಿಕೊಳ್ಳುತ್ತದೆ.

ನಗರದಲ್ಲಿರುವ ತಮ್ಮಂದಿರೇ, ತಂಗಿಯರೇ, ನೀವು ಊರ ಜಾತ್ರೆಗೆ ಬಂದೇ ಬರುತ್ತೀರಿ. ಬರುವ ಹದಿನೈದು ದಿನ ಮೊದಲು ನಾಲ್ಕು ಜನ ಸೇರಿ ಜಾತ್ರಾ ಕಮಿಟಿಗೆ, ಪುರಸಭೆಗೆ, ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಿ. ಕನ್ನಡದ ಸೂಚನಾ ಫಲಕ ಮತ್ತು ಪರೀಕ್ಷೆಯ ಸಹಿ ಇಲ್ಲದ ಯಂತ್ರಕ್ಕೆ ಜಾಗ ಕೊಡಬಾರದು ಎಂದು ಕೇಳಿ. ಅರ್ಜಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಬಿಡದಿಗೋ ಮೈಸೂರಿಗೋ ಹೋದಾಗ, ಯಾವ ಪಾರ್ಕೇ ಆಗಲಿ, ಕನ್ನಡದ ಫಲಕ ಕಾಣದಿದ್ದರೆ ದೂರು ಪುಸ್ತಕ ಕೇಳಿ ಪಡೆದು ಕನ್ನಡದಲ್ಲೇ ಬರೆದು ಬನ್ನಿ.

ಒಂದು ಊರಿನ ತೇರು ಎಳೆಯುವಾಗ ನೋಡಿದ್ದೀರಲ್ಲ? ಸಾವಿರಾರು ಕೈ ಹಗ್ಗದ ಮೇಲೆ. ಗಾಲಿಯ ಹತ್ತಿರ ಕಟ್ಟಿಗೆ ಹಿಡಿದು ನಿಂತವನು ಒಮ್ಮೆ 'ನಿಲ್ರೀ' ಎಂದು ಕೂಗಿದರೆ ಸಾವಿರ ಕೈಗಳೂ ನಿಲ್ಲುತ್ತವೆ. ಯಾಕೆ? ಆ ಮಾತು ಎಲ್ಲರಿಗೂ ತಿಳಿಯುತ್ತದೆ, ಅದಕ್ಕೆ. ತೇರಿಗೆ ಇರುವ ಆ ಮಾತು ತೊಟ್ಟಿಲಿಗೂ ಬೇಕು.

ಹತ್ತಿ, ಕಿರುಚಿ, ನಗಿ. ಆದರೆ ಟಿಕೆಟ್ಟಿಗೆ ರೊಕ್ಕ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಕನ್ನಡದ ಬೋರ್ಡ್ ಎಲ್ಲೈತ್ರಿ?' ನೂರು ಜನ ಕೇಳಿದರೆ ನೂರಾ ಒಂದನೆಯವನಿಗೆ ಬೋರ್ಡು ತಾನೇ ಬರುತ್ತದೆ.